ಕಡೂರಿಗೆ ಟಿಕೆಟ್ ತೆಗೆದು ಬಾಣಾವರದಲ್ಲಿ ಇಳಿಯುತ್ತಿದ್ದೆ

ಸಂಪಾದಕರಿಗೆ ನಮಸ್ಕಾರ.

ಅಕ್ಟೋಬರ್ 22 ಹತ್ತಿರ ಬರುತ್ತಿದೆ. ಅವತ್ತು ಉಗ್ಗಿನ ಬಗ್ಗೆ ಅರಿವು ಮೂಡಿಸುವ ಅಂತಾರಾಷ್ಟ್ರೀಯ ದಿನ. 1998ರಿಂದ ನಡೆದುಕೊಂಡು ಬಂದಿದೆ. ಹುಟ್ಟಿದಾಗಿನಿಂದ ಅನ್ನುವಷ್ಟು ಕಾಲ ಉಗ್ಗಿದವನು ನಾನು, ನನಗೇ ಇದು ಗೊತ್ತಾಗಿದ್ದು ಮೂರು ವರ್ಷದ ಹಿಂದೆ. ಆ ದಿನ ನಿಮ್ಮ ಪತ್ರಿಕೆಯಲ್ಲಿ ಏನಾದರೂ ಬರಲಿ ಅಂತ ಈ ಪತ್ರ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಬಾಯಲ್ಲಿ ನಾಲ್ಕು ಮಾತಾಡಲು ಒದ್ದಾಡಿದವನ ಕೈಗೆ ಪೆನ್ನು ಸಿಕ್ಕರೆ ಹೀಗೇ. ಜಾಗ ಸಾಲದಿದ್ದರೆ ಕತ್ತರಿ ಹಾಕಿ. ಬಸ್ಸಿನ ವಿಷಯ, ಹಾಜರಿಯ ವಿಷಯ ಇವೆರಡನ್ನು ಮಾತ್ರ ಬಿಡಬೇಡಿ.

ನಾನು ಬಾಣಾವರದವನು. ಹಾಸನ ಜಿಲ್ಲೆ, ಅರಸೀಕೆರೆ ತಾಲ್ಲೂಕು. ವಯಸ್ಸು 47. ಮೋಟಾರ್ ರೀವೈಂಡಿಂಗ್ ಕೆಲಸ. ತೆಂಗಿನ ಸೀಮೆ ನಮ್ಮದು, ಎಲ್ಲರ ತೋಟದಲ್ಲೂ ಬೋರು, ಬೋರಿಗೊಂದು ಮೋಟಾರು. ಬೇಸಿಗೆ ಬಂತೆಂದರೆ ಸುಟ್ಟ ಮೋಟಾರುಗಳು ಅಂಗಡಿ ಮುಂದೆ ಸಾಲಾಗಿ ಮಲಗಿರುತ್ತವೆ. 24 ವರ್ಷದಿಂದ ಇದೇ ಕೆಲಸ.

ನನ್ನ ಶತ್ರು ಒಂದೇ ಅಕ್ಷರ. ಬ. ಅದರ ತಮ್ಮ ಪ ಕೂಡ ಆಗಾಗ ಕೈಕೊಡುತ್ತಾನೆ, ಆದರೆ ಬ ಅಂದರೆ ತುಟಿ ಬೀಗ ಹಾಕಿಕೊಂಡ ಹಾಗೆ. ಒಳಗೆ ಮಾತು ತಯಾರಾಗಿರುತ್ತದೆ, ಉಸಿರು ಬಂದು ಒತ್ತುತ್ತಿರುತ್ತದೆ, ತುಟಿ ಬಿಡುವುದಿಲ್ಲ. ಕುತ್ತಿಗೆಯ ನರ ಉಬ್ಬುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತದೆ. ಎದುರಿಗಿದ್ದವರು ನೆಲ ನೋಡುತ್ತಾರೆ, ಇಲ್ಲವೇ ನಗುತ್ತಾರೆ. ಇಂಥ ನನಗೆ ದೇವರು ಕೊಟ್ಟ ಊರು ಬಾಣಾವರ. ಅಪ್ಪ ಇಟ್ಟ ಹೆಸರು ಬಸವರಾಜು.

ಬಸ್ಸಿನ ವಿಷಯಕ್ಕೆ ಬರುತ್ತೇನೆ. ಸಾಮಾನು ತರಲು ವಾರಕ್ಕೊಮ್ಮೆ ಅರಸೀಕೆರೆಗೆ ಹೋಗುತ್ತೇನೆ. ವಾಪಸ್ ಬರುವಾಗ ಕಂಡಕ್ಟರ್ ಹತ್ತಿರ ಬಂದು ‘ಎಲ್ಲಿಗೆ?’ ಅನ್ನುತ್ತಾರೆ. ನಾನು ‘ಕಡೂರು’ ಅನ್ನುತ್ತಿದ್ದೆ. ಬಿ.ಎಚ್. ರಸ್ತೆಯಲ್ಲಿ ಬಾಣಾವರ ದಾಟಿದ ಮೇಲೆ ಎಷ್ಟೋ ದೂರಕ್ಕೆ ಕಡೂರು. ಕ ಅಕ್ಷರ ನನಗೆ ಸಲೀಸು, ಅಷ್ಟೇ ಕಾರಣ. ಹದಿನೈದೋ ಇಪ್ಪತ್ತೋ ರೂಪಾಯಿ ಜಾಸ್ತಿ ಕೊಟ್ಟು ಕಡೂರಿನ ಟಿಕೆಟ್ ತೆಗೆದು, ಬಾಣಾವರದಲ್ಲಿ ಎದ್ದು ನಿಲ್ಲುತ್ತಿದ್ದೆ. ಕೆಲವು ಕಂಡಕ್ಟರುಗಳು ಒಳ್ಳೆಯವರು, ‘ಯಜಮಾನ್ರೇ, ಕಡೂರು ಇನ್ನೂ ಬಂದಿಲ್ಲ ಕೂತ್ಕೊಳಿ’ ಅನ್ನುತ್ತಿದ್ದರು. ಆಗ ನಾನು ಏನೋ ನೆನಪಾದವನ ಹಾಗೆ ಹಣೆ ಚಚ್ಚಿಕೊಂಡು, ‘ಇಲ್ಲೊಂದು ಕೆಲಸ ಇತ್ತು’ ಅಂತ ಇಳಿದುಬಿಡುತ್ತಿದ್ದೆ. ಇಪ್ಪತ್ತು ವರ್ಷದ ಮೇಲೆ ಈ ನಾಟಕ ಆಡಿದ್ದೇನೆ. ದುಡ್ಡಿನ ಲೆಕ್ಕ ಹಾಕಿದರೆ ಒಂದು ಒಳ್ಳೆಯ ಸೆಕೆಂಡ್ ಹ್ಯಾಂಡ್ ಬೈಕು ಬರುತ್ತಿತ್ತು. ಹಾಗೆ ನೋಡಿದರೆ ಬೈಕ್ ತೆಗೆದುಕೊಂಡಿದ್ದರೆ ಟಿಕೆಟ್ಟಿನ ತಾಪತ್ರಯವೇ ಇರುತ್ತಿರಲಿಲ್ಲ, ಅದು ಆಗ ಹೊಳೆಯಲಿಲ್ಲ.

ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ದುಡ್ಡು ಕೊಡುವ ಹಾಗಿಲ್ಲ. ಆದರೆ ಊರ ಹೆಸರು ಹೇಳಲೇಬೇಕು. ಉಗ್ಗುವ ಹೆಣ್ಣುಮಕ್ಕಳಿಗೆ ಆ ಕಷ್ಟ ಹಾಗೇ ಉಳಿದಿದೆ.

ಇನ್ನು ಹಾಜರಿ. ಹೈಸ್ಕೂಲಿನಲ್ಲಿ ನಮ್ಮ ಮೇಷ್ಟ್ರೊಬ್ಬರು ಹಾಜರಿ ಕೂಗಿದಾಗ ಎಲ್ಲರೂ ‘ಪ್ರೆಸೆಂಟ್ ಸಾರ್’ ಅನ್ನಬೇಕಿತ್ತು. ನಾನು ‘ಎಸ್ ಸಾರ್’ ಅಂದೆ. ಮೇಷ್ಟ್ರು ತಲೆ ಎತ್ತಿ, ‘ಎಲ್ಲರಿಗೂ ಒಂದು, ನಿನಗೊಂದಾ? ಪ್ರೆಸೆಂಟ್ ಅನ್ನು’ ಅಂದರು. ನಾನು ನಿಂತೆ. ಪ್... ಪ್... ಇಡೀ ಕ್ಲಾಸು ಕಾಯುತ್ತಿತ್ತು. ಹಿಂದಿನ ಬೆಂಚಿನಿಂದ ಯಾರೋ ‘ಪಂಪು ಏರ್ ಎಳೀತಾ ಇದೆ ಸಾರ್’ ಅಂದ. ಮೇಷ್ಟ್ರೂ ನಕ್ಕರು. ಅವತ್ತು ನನಗೆ ಆಬ್ಸೆಂಟ್ ಹಾಕಿದರು. ಕಣ್ಣ ಮುಂದೆ ನಿಂತಿದ್ದ ಹುಡುಗನಿಗೆ. ಮಾರನೇ ದಿನದಿಂದ ನಾನು ಮೊದಲ ಪೀರಿಯಡ್ ಮುಗಿದ ಮೇಲೆ ಹೋಗತೊಡಗಿದೆ. ಊರಿನ ಹಿಂದಿನ ಕೆರೆ ಏರಿ ಮೇಲೆ ಕೂತು, ಗಂಟೆ ಹೊಡೆದ ಮೇಲೆ ಒಳಗೆ. ಹಾಜರಿ ಕಮ್ಮಿಯಾಯಿತು, ಓದೂ ಕಮ್ಮಿಯಾಯಿತು. ಎಸ್ಸೆಸ್ಸೆಲ್ಸಿ ಹೇಗೋ ದಾಟಿದೆ, ಆಮೇಲೆ ಕಾಲೇಜಿನ ಕಡೆ ತಲೆ ಹಾಕಲಿಲ್ಲ. ಅಲ್ಲೂ ಹಾಜರಿ ಕೂಗುತ್ತಾರಲ್ಲ.

ಆ ಮೇಷ್ಟ್ರು ಕೆಟ್ಟವರಲ್ಲ. ನನ್ನ ಧೈರ್ಯ ಬೆಳೆಸುತ್ತಿದ್ದೇನೆ ಅಂದುಕೊಂಡಿದ್ದರು. ಇವತ್ತಿಗೂ ಬಹಳ ಜನ ಅಂದುಕೊಂಡಿರೋದು ಹಾಗೇ. ‘ಹೆದರಬೇಡ, ನಿಧಾನವಾಗಿ ಹೇಳು, ಧೈರ್ಯ ತಂದ್ಕೋ’ ಅನ್ನುತ್ತಾರೆ. ಉಗ್ಗು ಹೆದರಿಕೆಯಿಂದ ಬರುವುದಲ್ಲ. ಸಾಮಾನ್ಯವಾಗಿ ಎರಡರಿಂದ ಐದು ವರ್ಷದ ಒಳಗೆ, ಮಗು ಮಾತು ಕಲಿಯುವಾಗಲೇ ಶುರುವಾಗುತ್ತದೆ. ಮನೆತನದಲ್ಲಿ ಹರಿದು ಬರುವುದೂ ಉಂಟು, ನನ್ನ ಸೋದರಮಾವನಿಗೂ ಇತ್ತು. ಚಿಕ್ಕಂದಿನಲ್ಲಿ ಉಗ್ಗುವ ಹೆಚ್ಚಿನ ಮಕ್ಕಳಿಗೆ ತಾನಾಗಿ ಹೋಗುತ್ತದೆ, ಕೆಲವರಿಗೆ ಉಳಿಯುತ್ತದೆ. ಒಟ್ಟು ಜನರಲ್ಲಿ ಸುಮಾರು ನೂರಕ್ಕೆ ಒಬ್ಬರು ಅಂತ ಲೆಕ್ಕ, ಅದರಲ್ಲೂ ಗಂಡಸರೇ ಜಾಸ್ತಿ. ಮೂರು ಲಕ್ಷ ಜನರ ತಾಲ್ಲೂಕು ಅಂದುಕೊಳ್ಳಿ, ಮೂರು ಸಾವಿರ ಜನ ಆಯಿತು. ಅವರೆಲ್ಲ ಎಲ್ಲಿದ್ದಾರೆ? ನನ್ನ ಹಾಗೆ ಯಾವುದೋ ಕಡೂರಿಗೆ ಟಿಕೆಟ್ ತೆಗೆಯುತ್ತಿರಬೇಕು.

ನಮ್ಮವ್ವ ಮಾಡದ ಔಷಧಿ ಇಲ್ಲ. ಬಜೆ ತೇಯ್ದು ಜೇನಿನಲ್ಲಿ ನಾಲಿಗೆಗೆ ಹಚ್ಚಿದಳು. ದಿನಾ ಬೆಳಗ್ಗೆ ಒಂದೆಲಗದ ಚಟ್ನಿ. ಯಾರೋ ಹೇಳಿದರು ಅಂತ ಬಾಯಲ್ಲಿ ಬೆಣಚುಕಲ್ಲು ಇಟ್ಟು ಮಾತಾಡಿಸಿದಳು, ಒಂದನ್ನು ನುಂಗಿಬಿಟ್ಟೆ. ಜೇನುಕಲ್ಲು ಸಿದ್ದೇಶ್ವರನಿಗೆ ಹರಕೆ ಹೊತ್ತು ಹುಣ್ಣಿಮೆಗೆ ಬೆಟ್ಟ ಹತ್ತಿಸಿದಳು. ಬೆಟ್ಟ ಹತ್ತಿದ್ದರಿಂದ ಕಾಲು ಗಟ್ಟಿಯಾಯಿತು. ಬ ಮಾತ್ರ ಇದ್ದಲ್ಲೇ ಇತ್ತು.

ಈಗ ನನ್ನ ಕೆಲಸದ ಕಥೆ ಕೇಳಿ, ನಗು ಬಂದರೆ ನಗಿ. ಮೋಟಾರ್ ಕೆಲಸದಲ್ಲಿ ಬೇರಿಂಗ್ ಇಲ್ಲದೆ ಆಗುವುದಿಲ್ಲ, ಬುಶ್ ಇಲ್ಲದೆ ಆಗುವುದಿಲ್ಲ. ಎರಡೂ ಬ. ಸ್ಪೇರ್ಸ್ ಅಂಗಡಿಗೆ ಹೋಗಿ ‘ಬೇರಿಂಗ್ ಕೊಡಿ’ ಅನ್ನಲಾಗದೆ ನಾನು ನಂಬರುಗಳನ್ನು ಬಾಯಿಪಾಠ ಮಾಡಿದೆ. ಹೋಗಿ ನಿಂತು, ‘ಸಿಕ್ಸ್ ಟೂ ಜೀರೋ ಫೋರ್ ಎರಡು, ಸಿಕ್ಸ್ ಟೂ ಜೀರೋ ಫೈವ್ ಒಂದು’ ಅನ್ನುತ್ತಿದ್ದೆ. ಬೇರೆ ಮೆಕ್ಯಾನಿಕ್ಕುಗಳು ಹಳೇ ಬೇರಿಂಗ್ ಕೈಯಲ್ಲಿ ಹಿಡಿದುಕೊಂಡು ಬರುತ್ತಿದ್ದರೆ, ನಾನು ನಂಬರಲ್ಲೇ ಮಾತಾಡುತ್ತಿದ್ದೆ. ‘ಎಲ್ಲಾ ತಲೆಯಲ್ಲೇ ಇಟ್ಕೊಂಡವ್ನೆ’ ಅಂತ ಹೆಸರಾಯಿತು.

ಬೋರು ಅನ್ನಲಾಗದೆ ‘ಕೊಳವೆಬಾವಿ’ ಅನ್ನುತ್ತಿದ್ದೆ. ‘ನಿಮ್ಮ ಕೊಳವೆಬಾವಿ ಎಷ್ಟು ಅಡಿ?’ ಅಂತ ಕೇಳಿದರೆ ರೈತರು ನಗುತ್ತಿದ್ದರು. ‘ಇವ್ನು ಪೇಪರ್ ಭಾಷೆ ಮಾತಾಡ್ತಾನೆ’ ಅನ್ನುತ್ತಿದ್ದರು. ಸಂಪಾದಕರೇ, ನಿಮ್ಮ ಪತ್ರಿಕೆ ಆ ಮಟ್ಟಿಗೆ ನನ್ನನ್ನು ಕಾಪಾಡಿದೆ. ಬೆಂಕಿಪೊಟ್ಟಣಕ್ಕೆ ಕಡ್ಡಿಪೆಟ್ಟಿಗೆ, ಬೀಗಕ್ಕೆ ಲಾಕು, ಬೆಳಗ್ಗೆಗೆ ಮುಂಜಾನೆ. ಹೀಗೆ ತಲೆಯೊಳಗೊಂದು ನಿಘಂಟು ಇಟ್ಟುಕೊಂಡು, ಮಾತು ಬಾಯಿಗೆ ಬರುವುದಕ್ಕೆ ಮುಂಚೆಯೇ ಎರಡು ಪದ ಮುಂದೆ ಇಣುಕಿ, ಬ ಕಂಡರೆ ಪಕ್ಕದ ಗಲ್ಲಿಗೆ ತಿರುಗುವುದು. ಸಂಜೆ ಹೊತ್ತಿಗೆ ಎರಡು ಮೋಟಾರ್ ಕಟ್ಟಿದ್ದಕ್ಕಿಂತ ಇದರಿಂದಲೇ ಜಾಸ್ತಿ ಸುಸ್ತಾಗುತ್ತಿತ್ತು. ನಾನು ಉಗ್ಗುತ್ತೇನೆ ಅಂತ ಅರ್ಧ ಊರಿಗೆ ಗೊತ್ತೇ ಇರಲಿಲ್ಲ. ‘ಅವ್ನು ಮಾತು ಕಮ್ಮಿ’ ಅನ್ನುತ್ತಿದ್ದರು.

ಆದರೆ ಒಂದು ಹೆಸರಿಗೆ ಬದಲಿ ಪದ ಇಲ್ಲ. ಅವರವರ ಹೆಸರಿಗೆ. ಬಸವರಾಜು ಅನ್ನಲಾಗದೆ ನಾನು ‘ರಾಜು’ ಆದೆ. ಅಂಗಡಿಯ ಬೋರ್ಡಿನ ಮೇಲೂ ಬರೀ ರಾಜು. ಇನ್ನೊಂದು ಗಮ್ಮತ್ತು ಏನೆಂದರೆ, ಆ ಬೋರ್ಡಿನಲ್ಲಿ ಫೋನ್ ನಂಬರೇ ಇರಲಿಲ್ಲ. ನಮ್ಮ ಹೋಬಳಿಯಲ್ಲಿ ನಂಬರಿಲ್ಲದ ಅಂಗಡಿ ಬೋರ್ಡು ಅದೊಂದೇ ಇತ್ತೇನೋ. ಫೋನಿನಲ್ಲಿ ಮುಖ ಕಾಣುವುದಿಲ್ಲ, ಒದ್ದಾಟ ಕಾಣುವುದಿಲ್ಲ. ಆ ಕಡೆಯವರಿಗೆ ಏನೂ ಕೇಳಿಸುವುದಿಲ್ಲ ಅಷ್ಟೇ. ‘ಹಲೋ, ಹಲೋ’ ಅಂದು ಇಟ್ಟುಬಿಡುತ್ತಾರೆ. ಯಾರಾದರೂ ನಂಬರ್ ಕೇಳಿದರೆ, ‘ಇಲ್ಲೇ ಇರ್ತೀನಿ, ಅಂಗಡಿಯಲ್ಲೇ ಸಿಗ್ತೀನಿ’ ಅನ್ನುತ್ತಿದ್ದೆ. ರಾತ್ರಿ ನೀರು ಬಿಡುವಾಗ ಮೋಟಾರು ನಿಂತರೆ ರೈತ ಯಾರಿಗೆ ಫೋನ್ ಮಾಡುತ್ತಾನೆ? ನಂಬರ್ ಇದ್ದವನಿಗೆ. ಎಷ್ಟು ಗಿರಾಕಿ ಹೋದರೋ ಲೆಕ್ಕ ಇಟ್ಟಿಲ್ಲ.

ಮದುವೆ ವಿಷಯ ಬೇಗ ಮುಗಿಸುತ್ತೇನೆ. ಹೆಣ್ಣು ನೋಡಲು ಹೋದಾಗ ಭಾವನೇ ಎಲ್ಲ ಮಾತಾಡಿದರು. ‘ಹುಡುಗ ಸಂಕೋಚದವನು’ ಅಂದರು. ನನ್ನವಳಿಗೆ ವಿಷಯ ಗೊತ್ತಾಗಿದ್ದು ಮದುವೆಯಾದ ಮೂರನೇ ದಿನ. ಅವಳು ಏನೂ ಅನ್ನಲಿಲ್ಲ. ಅವತ್ತಿನಿಂದ ನನ್ನ ಅರ್ಧ ಮಾತನ್ನು ಅವಳೇ ಮುಗಿಸತೊಡಗಿದಳು. ಪ್ರೀತಿಯಿಂದಲೇ. ನಾನು ‘ಬ್...’ ಅಂದರೆ ‘ಬಕೆಟ್ಟಾ? ಬಟ್ಟೆನಾ? ಬಿಸಿನೀರಾ?’ ಅಂತ ಪಟ್ಟಿ ಹೇಳುತ್ತಿದ್ದಳು. ನಾನು ಹೂಂ ಅನ್ನುವುದು. ಎಷ್ಟೋ ಸಲ ಅವಳು ಹೇಳಿದ್ದು ನಾನು ಹೇಳಹೊರಟಿದ್ದಲ್ಲ, ಆದರೂ ಹೂಂ. ಬಿಸಿ ಮುದ್ದೆ ಬೇಕು ಅನ್ನಲು ಹೋಗಿ ಬಿಸಿನೀರು ಕುಡಿದು ಎದ್ದಿದ್ದೇನೆ.

ಹೀಗೇ ನಡೆದುಹೋಗುತ್ತಿತ್ತು. 2021ರ ಕಾರ್ತಿಕದಲ್ಲಿ ಒಂದು ರಾತ್ರಿ ಎಲ್ಲ ತಪ್ಪಿತು.

ನನ್ನವಳು, ಮಗಳು ಇಬ್ಬರೂ ತಿಪಟೂರಿಗೆ ನೆಂಟರ ಮನೆಗೆ ಹೋಗಿದ್ದರು. ಮನೆಯಲ್ಲಿ ನಾನು, ಅವ್ವ ಇಬ್ಬರೇ. ಎರಡು ಗಂಟೆ ಹೊತ್ತಿಗೆ ಅವ್ವ ಎದೆ ಹಿಡಿದುಕೊಂಡು ಕೂತಳು. ಬೆವರು ಸುರಿಯುತ್ತಿತ್ತು. ಫೋನ್ ತೆಗೆದು 108 ಒತ್ತಿದೆ. ಬೇಗನೇ ಎತ್ತಿದರು. ‘ಯಾವ ಊರು ಹೇಳಿ’ ಅಂದರು.

ಯಾವ ಊರು ಅಂತ ನಿಮಗೆ ಗೊತ್ತಿದೆ.

ತುಟಿ ಕಚ್ಚಿಕೊಂಡಿತು. ಇದಕ್ಕೆ ಕಡೂರು ಅಂತ ಹೇಳಲಾಗುವುದಿಲ್ಲವಲ್ಲ. ಆ ಕಡೆಯಿಂದ ‘ಹೇಳಿ ಸರ್, ಎಲ್ಲಿಂದ ಮಾತಾಡ್ತಿದ್ದೀರಿ’ ಅಂತ ಮತ್ತೆ ಕೇಳಿದರು. ಅವರ ತಪ್ಪು ಏನೂ ಇಲ್ಲ. ನಾನೇ ಫೋನ್ ಕಟ್ ಮಾಡಿದೆ. ಅವ್ವನನ್ನು ಹಾಗೇ ಬಿಟ್ಟು, ಬರಿಗಾಲಲ್ಲಿ ಮೂರು ಮನೆ ಆಚೆ ಓಡಿ, ಬಾಗಿಲು ಬಡಿದು, ಅವರನ್ನು ಎಬ್ಬಿಸಿ, ಕೈಸನ್ನೆ ಮಾಡಿ ಕರೆತಂದೆ. ಅವರು ಫೋನ್ ಮಾಡಿದರು. ಹತ್ತು ನಿಮಿಷ ಹೋಗಿರಬೇಕು. ಅವ್ವ ಉಳಿದಳು, ಈಗಲೂ ಇದ್ದಾಳೆ, ನಾನು ಇದನ್ನು ಬರೆಯುವಾಗ ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಳೆ. ಆದರೆ ಆ ಹತ್ತು ನಿಮಿಷ ನನ್ನ ಲೆಕ್ಕದಲ್ಲೇ ಉಳಿಯಿತು.

ಮಗಳಿಗೆ ಹೇಳಿದೆ. ಹೆಂಡತಿಗೆ ಹೇಳುವುದಕ್ಕಿಂತ ಮೊದಲು ಅವಳಿಗೇ ಹೇಳಿದೆ. ಆಗ ಒಂಬತ್ತನೇ ಕ್ಲಾಸು. ಅವಳು ಮೊಬೈಲಿನಲ್ಲಿ ಹುಡುಕಿ, ‘ಅಪ್ಪ, ಮೈಸೂರಲ್ಲಿ ಇದಕ್ಕೇ ಅಂತ ಒಂದು ಸಂಸ್ಥೆ ಇದೆ’ ಅಂದಳು. ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಮಾನಸಗಂಗೋತ್ರಿ. ಕೇಂದ್ರ ಸರ್ಕಾರದ್ದು, 1960ರ ದಶಕದಿಂದ ಅಲ್ಲೇ ಇದೆ. ನಾನು ಹುಟ್ಟುವ ಮೊದಲಿನಿಂದ! ಅರಸೀಕೆರೆಯಲ್ಲಿ ರೈಲು ಹತ್ತಿದರೆ ಹಾಸನದ ಮೇಲೆ ಮೈಸೂರು. ದಸರಾಕ್ಕೆ ಎರಡು ಸಲ ಹೋಗಿ ಬಂದಿದ್ದೇನೆ, ಝೂ ನೋಡಿದ್ದೇನೆ. ಇದೊಂದು ಕಾಣಲಿಲ್ಲ.

ಗೊತ್ತಾದ ಮೇಲೆ ತಕ್ಷಣ ಹೋದೆನೇ? ಇಲ್ಲ. ಈ ಭಾಗ ಬರೆಯಲು ನಾಚಿಕೆಯಾಗುತ್ತದೆ. ಸಂಕ್ರಾಂತಿ ಕಳೆಯಲಿ ಅಂದೆ. ಆಮೇಲೆ ಬೇಸಿಗೆ ಬಂತು, ಮೋಟಾರ್ ಸೀಸನ್ನು, ಅಂಗಡಿ ಬಿಡಲಾಗುವುದಿಲ್ಲ. ಯುಗಾದಿ ಆಗಲಿ ಅಂದೆ. ನಿಜ ಏನೆಂದರೆ, ಹೋಗಿ ವಾಸಿಯಾಗದಿದ್ದರೆ ಅನ್ನುವ ಭಯ. ಎಲ್ಲಿಯವರೆಗೆ ಹೋಗಲಿಲ್ಲವೋ ಅಲ್ಲಿಯವರೆಗೆ ‘ಹೋದರೆ ಸರಿಯಾಗಬಹುದು’ ಅನ್ನುವ ಆಸೆ ಕೈಯಲ್ಲಿರುತ್ತದೆ. ಹೋದಮೇಲೆ ಅದೂ ಇಲ್ಲದಂತಾದರೆ? 44 ವರ್ಷದವನು ಚಿಕ್ಕ ಮಕ್ಕಳ ಜೊತೆ ಕೂತು ಅ ಆ ಇ ಈ ಹೇಳಬೇಕಾ ಅನ್ನುವ ಮಾನ ಬೇರೆ. ಮಗಳು ಜೂನಿನಲ್ಲಿ ಟಿಕೆಟ್ ಮಾಡಿಸಿ ಕೈಗೆ ಕೊಟ್ಟಳು. ‘ನಾನು ಪ್ರೆಸೆಂಟ್ ಅಂತ ಹೇಳೋಕೆ ಬರ್ತೀನಿ ಬಾ’ ಅಂದಳು. ಹಾಜರಿ ಕಥೆ ಅವಳಿಗೆ ಯಾವಾಗಲೋ ಹೇಳಿದ್ದೆ.

ಅಲ್ಲಿ ಒಬ್ಬರು ಚಿಕ್ಕ ವಯಸ್ಸಿನ ಮೇಡಂ ನನ್ನನ್ನು ಕೂರಿಸಿ ಓದಿಸಿದರು, ಮಾತಾಡಿಸಿ ರೆಕಾರ್ಡ್ ಮಾಡಿಕೊಂಡರು. ಆಮೇಲೆ, ‘ನನ್ನ ಜೊತೆ ಸೇರಿ ಓದಿ’ ಅಂದರು. ಇಬ್ಬರೂ ಒಟ್ಟಿಗೆ ಓದಿದೆವು. ಒಂದು ಕಡೆಯೂ ಸಿಕ್ಕಿಕೊಳ್ಳಲಿಲ್ಲ! ಬ ಬಂತು, ಬಾ ಬಂತು, ಬಿ ಬಂತು, ಎಲ್ಲ ನೀರು ಹರಿದ ಹಾಗೆ. ನನ್ನ ಕಣ್ಣಲ್ಲಿ ನೀರು ಬಂತು. ಅವರಿಗೆ ಅದು ದಿನಾ ನೋಡುವ ವಿಷಯ. ಉಗ್ಗುವವರು ಹಾಡುವಾಗ, ಗುಂಪಿನಲ್ಲಿ ಒಟ್ಟಿಗೆ ಹೇಳುವಾಗ, ಒಬ್ಬರೇ ಇರುವಾಗ ಸಾಮಾನ್ಯವಾಗಿ ಉಗ್ಗುವುದಿಲ್ಲವಂತೆ. ಹೌದಲ್ಲ! ನಾನು ಕಾಯಿಲ್ ಸುತ್ತುವಾಗ ಗಟ್ಟಿಯಾಗಿ ಎಣಿಸುತ್ತೇನೆ. ಸಬ್‌ಮರ್ಸಿಬಲ್ ಮೋಟಾರಿಗೆ ವೈರನ್ನು ಒಂದೊಂದೇ ಸುತ್ತು ಕೈಯಲ್ಲೇ ಎಳೆಯಬೇಕು, ಲೆಕ್ಕ ತಪ್ಪಿದರೆ ಬಿಚ್ಚಿ ಮೊದಲಿನಿಂದ. ಎಣಿಸುವಾಗ ಒಂದು ಅಕ್ಷರವೂ ತಡೆಯುವುದಿಲ್ಲ. ಅಂಗಡಿ ಬಾಗಿಲಲ್ಲಿ ಯಾರದಾದರೂ ನೆರಳು ಬಿತ್ತೋ, ಎಣಿಕೆ ಗಂಟಲಿಗೆ ಇಳಿಯುತ್ತದೆ. ನಾಯಿಗೆ ಬೈಯುವಾಗಲಂತೂ ನನ್ನಂಥ ಭಾಷಣಕಾರ ಇಲ್ಲ.

ಮೇಡಂ ಇನ್ನೊಂದು ಹೇಳಿದರು. ಉಗ್ಗು ಅನ್ನುವುದು ಸಮುದ್ರದಲ್ಲಿ ತೇಲುವ ಹಿಮದ ಗಡ್ಡೆ ಇದ್ದ ಹಾಗೆ, ಮೇಲೆ ಕಾಣುವುದು ಸ್ವಲ್ಪ, ನೀರೊಳಗಿರುವುದೇ ಜಾಸ್ತಿ. ಜೋಸೆಫ್ ಶೀಹನ್ ಅನ್ನುವ ಅಮೆರಿಕದವರು ಕೊಟ್ಟ ಹೋಲಿಕೆ, ಅವರೂ ಉಗ್ಗುತ್ತಿದ್ದವರೇ. ನನಗೆ ಸಮುದ್ರವೂ ಗೊತ್ತಿಲ್ಲ, ಹಿಮವೂ ಗೊತ್ತಿಲ್ಲ. ಬೋರು ಗೊತ್ತು. ನೆಲದ ಮೇಲೆ ಕಾಣುವುದು ಒಂದೆರಡು ಅಡಿ ಕೇಸಿಂಗ್ ಪೈಪು. ಕೆಳಗೆ 800 ಅಡಿ ಕತ್ತಲೆ. ಆ ಒಂದೆರಡು ಅಡಿ ಉಗ್ಗು ನಾನು ಮಾಡಿಕೊಂಡಿದ್ದಲ್ಲ. ಕೆಳಗಿನ 800 ಅಡಿ ಇದೆಯಲ್ಲ, ಕಡೂರಿನ ಟಿಕೆಟ್ಟು, ಕೆರೆ ಏರಿ, ನಂಬರಿಲ್ಲದ ಬೋರ್ಡು, ಅರ್ಧ ಹೆಸರು, ಅದನ್ನು ಕೊರೆದವನು ನಾನೇ. ವರ್ಷಕ್ಕೆ ಇಷ್ಟಿಷ್ಟು ಅಡಿ ಅಂತ.

ಎಳೆದು ಮಾತಾಡುವುದು, ತುಟಿಯನ್ನು ಮೆತ್ತಗೆ ಮುಟ್ಟಿಸುವುದು, ಇಂಥವನ್ನೆಲ್ಲ ಹೇಳಿಕೊಟ್ಟರು. ಅದರ ವಿವರ ಇಲ್ಲಿ ಬೇಡ, ಒಬ್ಬೊಬ್ಬರಿಗೆ ಒಂದೊಂದು ಥರ. ನನ್ನನ್ನು ನಿಜವಾಗಿ ಅಲ್ಲಾಡಿಸಿದ್ದು ಬೇರೆ. ‘ನಾಳೆ ಮಾರ್ಕೆಟ್ಟಿಗೆ ಹೋಗಿ, ಬೇಕಂತಲೇ ಉಗ್ಗಿ ಬನ್ನಿ’ ಅಂದರು.

ಬೇಕಂತಲೇ! ಜೀವಮಾನವೆಲ್ಲ ಮುಚ್ಚಿಟ್ಟಿದ್ದನ್ನು ಬೀದಿಯಲ್ಲಿ ಹರಡಿ ಬಾ ಅಂದ ಹಾಗೆ. ಹೆದರಿದ್ದು ಆಗಲಿ, ಆದಮೇಲೆ ಏನಾಗುತ್ತದೆ ನೋಡಿ ಅನ್ನುವುದು ಅವರ ಲೆಕ್ಕ.

ದೇವರಾಜ ಮಾರ್ಕೆಟ್ಟಿನಲ್ಲಿ ಬಾಳೆಹಣ್ಣಿನ ಸಾಲಿನ ಮುಂದೆ ಮೂರು ಸಲ ಆ ಕಡೆಯಿಂದ ಈ ಕಡೆ ನಡೆದೆ. ಮಗಳು ಹೂವಿನ ಅಂಗಡಿ ಹತ್ತಿರ ನಿಂತು ನೋಡುತ್ತಿದ್ದಳು. ಕೈ ತಣ್ಣಗಾಗಿತ್ತು. ನಾಲ್ಕನೇ ಸಲ ಒಬ್ಬ ವಯಸ್ಸಾದ ವ್ಯಾಪಾರಿಯ ಮುಂದೆ ನಿಂತು, ‘ಬ-ಬ-ಬ-ಬ-ಬಾಳೆಹಣ್ಣು ಕೆಜಿ ಎಷ್ಟು?’ ಅಂದೆ. ಮೊದಲ ಎರಡು ಬ ಬೇಕಂತ, ಉಳಿದವು ಅಸಲಿ.

ಅವರು ತಲೆ ಕೂಡ ಎತ್ತಲಿಲ್ಲ. ‘ಪಚ್ಚಬಾಳೆನಾ, ಏಲಕ್ಕಿನಾ?’ ಅಂದರು.

ಅಷ್ಟೇ. 40 ವರ್ಷ ನಾನು ಹೆದರಿದ್ದಕ್ಕೆ ಜಗತ್ತು ಕೊಟ್ಟ ಉತ್ತರ, ಪಚ್ಚಬಾಳೆನಾ ಏಲಕ್ಕಿನಾ. ನನಗೆ ಏನು ಹೇಳಬೇಕೋ ತೋಚದೆ ಎರಡೂ ಒಂದೊಂದು ಕೆಜಿ ತೆಗೆದುಕೊಂಡೆ. ಪಕ್ಕದ ಅಂಗಡಿಯಲ್ಲಿ ನಂಜನಗೂಡು ರಸಬಾಳೆ ಇತ್ತು, ಅದನ್ನೂ ಕೇಳಿದೆ. ಅಲ್ಲಿದ್ದ ಹುಡುಗ ನಕ್ಕ. ನಗಲಿ ಬಿಡಿ, ಹಣ್ಣು ಕೊಟ್ಟ. ರೈಲಿನಲ್ಲಿ ಹಾಸನದವರೆಗೂ ಬಾಳೆಹಣ್ಣು ತಿಂದೆವು.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಿತು ಅಂದುಕೊಳ್ಳಬೇಡಿ. ಊರಿಗೆ ಬಂದ ಮೇಲೆ ಗೊತ್ತಿರುವವರ ಮುಂದೆ ಉಗ್ಗುವುದು ಇನ್ನೂ ಕಷ್ಟ. ಮೈಸೂರಿನ ವ್ಯಾಪಾರಿ ಮತ್ತೆ ಸಿಗುವುದಿಲ್ಲ, ಊರವರು ದಿನಾ ಸಿಗುತ್ತಾರೆ. ಮೋಟಾರುಗಳ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ, ನಾನು ತಪ್ಪಿಸಿಕೊಂಡು ತಿರುಗುವ ಕೆಲಸಗಳನ್ನೆಲ್ಲ ಬರೆದೆ. ಸುಲಭದ್ದು ಮೇಲೆ, ಕಷ್ಟದ್ದು ಕೆಳಗೆ. ಎಲ್ಲಕ್ಕಿಂತ ಮೇಲೆ, ಹೆಂಡತಿಗೆ ‘ನನ್ನ ಮಾತು ನಾನೇ ಮುಗಿಸ್ತೀನಿ, ಸ್ವಲ್ಪ ತಡಿ’ ಅನ್ನುವುದು. ಅದು ಸುಲಭ ಅಂದುಕೊಂಡಿದ್ದೆ. ಅವಳು ಅತ್ತಳು. ‘ಇಷ್ಟು ವರ್ಷ ನಿಮಗೆ ಸಹಾಯ ಆಗ್ತಿದೆ ಅಂದ್ಕೊಂಡಿದ್ದೆ ಕಣ್ರೀ’ ಅಂದಳು. ಆಗುತ್ತಿತ್ತು, ಅದೇ ತೊಂದರೆ ಅಂತ ಅವಳಿಗೆ ತಿಳಿಸುವಷ್ಟರಲ್ಲಿ ನನ್ನ ಊಟ ಆರಿಹೋಯಿತು. ಈಗ ಅವಳು ಕಾಯುತ್ತಾಳೆ. ಕಾಯುವಾಗ ಸೆರಗಿನ ತುದಿ ಸುತ್ತುತ್ತಾಳೆ, ಅದು ಅವಳ ಕಷ್ಟ.

ಪಟ್ಟಿಯ ಕೊನೆಯಲ್ಲಿದ್ದದ್ದು ಫೋನು. ಒಂದು ದಿನ ನಮ್ಮ ಬೀದಿಯ ಟಿ.ಸಿ., ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರ್, ಹೋಗಿತ್ತು. ಯಾವಾಗಲೂ ಬೇರೆ ಯಾರಾದರೂ ಕರೆಂಟಿನ ದೂರು ಹೇಳುವ ನಂಬರ್ 1912ಕ್ಕೆ ಫೋನ್ ಮಾಡಲಿ ಅಂತ ಕಾಯುತ್ತಿದ್ದವನು ಅವತ್ತು ನಾನೇ ಮಾಡಿದೆ. ಎತ್ತಿದ ಕೂಡಲೇ, ‘ಸ್ವಲ್ಪ ತಡೀರಿ, ನನಗೆ ಉಗ್ಗು ಇದೆ’ ಅಂದೆ. ಗಮನಿಸಿ, ಆ ವಾಕ್ಯದಲ್ಲಿ ಒಂದೂ ಬ ಇಲ್ಲ. ಹಳೇ ಚಾಳಿ. ಆಮೇಲೆ ಊರಿನ ಹೆಸರು. ಫೋನಿನ ಮೇಲಿನ ಸೆಕೆಂಡು ಓಡುತ್ತಿತ್ತು, ನಾನು ನೋಡುತ್ತಿದ್ದೆ. 14 ಸೆಕೆಂಡು ತುಟಿ ಅಂಟಿಕೊಂಡಿತ್ತು. ಆ ಕಡೆಯ ಹೆಣ್ಣುಮಗಳು ಇಡಲಿಲ್ಲ. ‘ಹೇಳಿ ಸರ್, ಲೈನಲ್ಲಿದ್ದೀನಿ’ ಅಂದಳು ಒಂದು ಸಲ, ಆಮೇಲೆ ಸುಮ್ಮನಿದ್ದಳು. ಹದಿನಾಲ್ಕನೇ ಸೆಕೆಂಡಿಗೆ ಬಾಣಾವರ ಹೊರಗೆ ಬಂತು. ದೂರಿನ ನಂಬರ್ ಬರೆದುಕೊಂಡೆ. ಆ ನಂಬರ್ ಇನ್ನೂ ಪುಸ್ತಕದಲ್ಲಿದೆ. ಕರೆಂಟು ಮಾರನೇ ದಿನ ಬಂತು, ಅದು ಬೇರೆ ಮಾತು.

ಇಂಗ್ಲೆಂಡಿನ ದೊರೆ ಆರನೇ ಜಾರ್ಜ್ ಕೂಡ ಉಗ್ಗುತ್ತಿದ್ದರು. ಲಯೋನೆಲ್ ಲೋಗ್ ಅನ್ನುವ ಆಸ್ಟ್ರೇಲಿಯಾದವರು ವರ್ಷಗಟ್ಟಲೆ ಅಭ್ಯಾಸ ಮಾಡಿಸಿದ ಮೇಲೆ, 1939ರ ಸೆಪ್ಟೆಂಬರ್ 3ರಂದು ಇಂಗ್ಲೆಂಡು ಜರ್ಮನಿಯ ಮೇಲೆ ಯುದ್ಧ ಸಾರಿದ ದಿನ ರೇಡಿಯೋದಲ್ಲಿ ಮಾತಾಡಿದರು. ಅವರು ಸಾಮ್ರಾಜ್ಯಕ್ಕೆ ಮಾತಾಡಿದರು, ನಾನು 1912ಕ್ಕೆ. ನಡುಕ ಇಬ್ಬರಿಗೂ ಒಂದೇ ಇದ್ದಿರಬೇಕು.

ನನ್ನ ಉಗ್ಗು ಹೋಗಿಲ್ಲ. ಸ್ವಲ್ಪ ಕಮ್ಮಿಯಾಗಿದೆ, ಅಷ್ಟೇ. ಹೋದ ತಿಂಗಳು ಗೌರಿ ಹಬ್ಬದ ಹಿಂದಿನ ದಿನ ಬಸ್ಸು ಕಿಕ್ಕಿರಿದಿತ್ತು, ಕಂಡಕ್ಟರ್ ರೇಗಿದ್ದರು, ಮತ್ತೆ ‘ಕಡೂರು’ ಅಂದುಬಿಟ್ಟೆ. ಬಾಣಾವರದಲ್ಲಿ ಇಳಿಯುವಾಗ ಹಣೆ ಚಚ್ಚಿಕೊಳ್ಳುವ ನಾಟಕ ಮಾತ್ರ ಆಡಲಿಲ್ಲ. ‘ನಮ್ಮೂರು ಇದೇ’ ಅಂದೆ. ಉಗ್ಗು ಪೂರ್ತಿ ಹೋಗಲಿ, ಆಮೇಲೆ ಮಾತಾಡೋಣ ಅಂತ ಕಾದಿದ್ದೇ ನನ್ನ ತಪ್ಪು. ಅದು ಹೋಗುವ ಗಿರಾಕಿ ಅಲ್ಲ ಅಂತ ಗೊತ್ತಾದ ಮೇಲೆ ಅದನ್ನು ಕರೆದುಕೊಂಡೇ ಹೋಗುವ ಅಭ್ಯಾಸ ಆಯಿತು.

ಈಗ ಕೇಳಿಕೊಳ್ಳುವುದು. ಬಸ್ ಕಂಡಕ್ಟರುಗಳಲ್ಲಿ, ಕೌಂಟರಿನಲ್ಲಿ ಕೂತವರಲ್ಲಿ ಒಂದು ವಿನಂತಿ. ಎದುರಿನವರ ತುಟಿ ಕಚ್ಚಿಕೊಂಡರೆ ಐದು ಸೆಕೆಂಡು ಕಾಯಿರಿ. ಅವರ ಪರವಾಗಿ ಪದ ಮುಗಿಸಬೇಡಿ, ‘ನಿಧಾನ, ನಿಧಾನ’ ಅನ್ನಬೇಡಿ, ಸುಮ್ಮನೆ ಮುಖ ನೋಡಿಕೊಂಡಿರಿ ಸಾಕು. ಮೇಷ್ಟ್ರುಗಳಲ್ಲಿ ವಿನಂತಿ. ಉಗ್ಗುವ ಮಗುವಿದ್ದರೆ ಹಾಜರಿಗೆ ಕೈ ಎತ್ತಿದರೆ ಸಾಕು ಅನ್ನಿ. ಪಾಠ ಓದಿಸುವಾಗ ಪಕ್ಕದ ಮಗುವಿನ ಜೊತೆ ಸೇರಿಸಿ ಓದಿಸಿ ನೋಡಿ, ನನ್ನ ಹಾಗೆ ಬೆರಗಾಗುತ್ತೀರಿ. ಹಾಗಂತ ಆ ಮಗುವನ್ನು ಮಾತೇ ಆಡಿಸದೆ ಬಿಡಬೇಡಿ, ಅದು ಇನ್ನೊಂದು ಥರದ ಕೆರೆ ಏರಿ. ನಾಟಕ, ಸಿನಿಮಾ ಮಾಡುವವರಿಗೂ ಒಂದು ಮಾತು. ನಗಿಸಲು ಬೇರೆ ಏನೂ ಸಿಗದಿದ್ದಾಗ ಉಗ್ಗುವವನನ್ನು ತಂದು ನಿಲ್ಲಿಸುತ್ತೀರಲ್ಲ, ಮುಂದಿನ ಸಾಲಿನಲ್ಲಿ ಒಬ್ಬ ಹುಡುಗ ನಗದೆ ಕೂತಿರುತ್ತಾನೆ, ಅವನ ಕಡೆ ಒಮ್ಮೆ ಟಾರ್ಚ್ ಬಿಡಿ.

ನಿಮ್ಮಲ್ಲಿ ಕೇಳಿಕೊಳ್ಳುವುದು, ಅಕ್ಟೋಬರ್ 22ರಂದು ಮೈಸೂರಿನ ಆ ಸಂಸ್ಥೆಯ ವಿಷಯ ಒಂದು ಮೂಲೆಯಲ್ಲಾದರೂ ಹಾಕಿ. ಯಾವುದೋ ಊರಿನ ಹೋಟೆಲಿನಲ್ಲಿ ಬೋಂಡ ಸುತ್ತಿಕೊಟ್ಟ ಪೇಪರಿನಲ್ಲಾದರೂ ಯಾರಾದರೂ ಓದಿಯಾರು.

ಪತ್ರ ಬರೆಯುವುದೇನೂ ನನಗೆ ಧೈರ್ಯದ ಕೆಲಸವಲ್ಲ. ಕಾಗದದ ಮೇಲೆ ಬ ಯಾವತ್ತೂ ಸಿಕ್ಕಿಕೊಂಡಿಲ್ಲ. ಹಾಗಾಗಿ ಇದನ್ನು ಪೋಸ್ಟ್ ಮಾಡುವ ಮುಂಚೆ ಪಟ್ಟಿಯಲ್ಲಿ ಉಳಿದಿದ್ದ ಒಂದು ಕೆಲಸ ಮುಗಿಸಿದೆ. ನಿನ್ನೆ ಬೋರ್ಡ್ ಬರೆಯುವವರನ್ನು ಕರೆಸಿದೆ. ಕೆಳಗೆ ಫೋನ್ ನಂಬರ್ ಬರೆಸಿದೆ, ಹತ್ತು ಅಂಕಿ, ಕೆಂಪು ಬಣ್ಣದಲ್ಲಿ. ಆಮೇಲೆ ರಾಜು ಅಂತ ಇರುವುದರ ಹಿಂದೆ ಬಸವ ಸೇರಿಸಿ ಅಂದೆ. ಅವರು ಏಣಿ ಮೇಲಿಂದಲೇ, ‘ಜಾಗ ಇಲ್ಲ ಅಣ್ಣ, ರಾಜು ಅಂತಲೇ ಎಲ್ಲರಿಗೂ ಗೊತ್ತಲ್ಲ’ ಅಂದರು. ಚಿಕ್ಕದಾಗಿಯಾದರೂ ಸರಿ, ತುರುಕಿ ಅಂದೆ. ‘ಏನಂತ ಬರೀಲಿ, ಇನ್ನೊಂದ್ಸಲ ಹೇಳಿ’ ಅಂತ ಕುಂಚ ಹಿಡಿದುಕೊಂಡು ಕಾದರು. ಹೇಳಿದೆ. ಸ್ವಲ್ಪ ಹೊತ್ತು ಹಿಡಿಯಿತು. ಬಣ್ಣ ಒಂದು ಹನಿ ನನ್ನ ಅಂಗಿ ಮೇಲೆ ಬಿತ್ತು.

– ಬಸವರಾಜು, ಬಾಣಾವರ